ಏಳೂವರೆಗೆ ಹೋಗಬೇಕಾಗಿದ್ದ ಮೆಸೇಜು

ಏಪ್ರಿಲ್ 7, ಸೋಮವಾರ

ಇವತ್ತು ಬೆಳಗ್ಗೆ ಕಾಗೆ ನನ್ನ ತಲೆಗೆ ಕುಕ್ಕಿತು.

ಕುಕ್ಕಿತು ಅಂದರೆ ಸುಮ್ಮನೆ ರೆಕ್ಕೆ ತಾಗಿದ್ದಲ್ಲ. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಹಿಂದಿನಿಂದ ಬಂದು ನಡುನೆತ್ತಿಗೆ ಒಂದು ಕೊಟ್ಟು, ಕೂದಲು ಕಚ್ಚಿ ಎಳೆದು, ಹೋಗಿ ಹುಣಸೆಮರದಲ್ಲಿ ಕೂತಿತು. ಕೈಯಲ್ಲಿದ್ದ ಮಗಳು ಕೀರ್ತನಳ ಯೂನಿಫಾರ್ಮ್ ಮಣ್ಣಿಗೆ ಬಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ನೆತ್ತಿ ಮುಟ್ಟಿಕೊಂಡರೆ ಬೆರಳಿಗೆ ರಕ್ತ ಅಂಟಿತು.

ಹುಣಸೆಹಣ್ಣು ಕುಟ್ಟುತ್ತಿದ್ದ ಅತ್ತೆ ಕೈಯಲ್ಲಿದ್ದ ಕೊಡತಿ ಕೆಳಗಿಟ್ಟರು. ನಮ್ಮ ಅತ್ತೆ ಲಕ್ಷ್ಮೀದೇವಮ್ಮನವರು ಹಾವು ಬಂದರೂ ಕೂತಲ್ಲಿಂದಲೇ ಬೈದು ಓಡಿಸುವವರು. ಅವರ ಮುಖದಲ್ಲಿ ಅಂಥ ಭಯ ನಾನು ಈ ಹನ್ನೊಂದು ವರ್ಷದಲ್ಲಿ ನೋಡಿರಲಿಲ್ಲ.

"ತಲೆ ಮುಟ್ತಾ?" ಅಂದರು.

"ಮುಟ್ತು ಅತ್ತೆ. ಕುಕ್ಬಿಡ್ತು."

ಅವರು ಮುಂದೆ ಒಂದು ಮಾತೂ ಆಡಲಿಲ್ಲ. ಒಳಗೆ ಹೋಗಿ ದೇವರ ಮುಂದೆ ಕೂತರು. ನನಗೆ ಕಾಗೆಗಿಂತ ಅದೇ ಹೆಚ್ಚು ಹೆದರಿಕೆಯಾಯಿತು.

ನಮ್ಮೆಜಮಾನರು ಕಾಂತರಾಜು ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸ ಮುಗಿಸಿ ಬಂದವರು ಕೇಳಿ ನಕ್ಕರು. "ಮರದಾಗೆ ಗೂಡು ಕಟ್ಟೈತೆ ಕಣೇ. ಮರಿ ಇದ್ರೆ ಯಾರ್ಗಾದ್ರೂ ಕುಕ್ತದೆ. ನಾಳೆಯಿಂದ ಹೆಲ್ಮೆಟ್ ಹಾಕ್ಕಂಡು ಬಟ್ಟೆ ಒಣಗಾಕು." ಮಾತು ಸರಿಯೇ. ಆದರೂ ಮಧ್ಯಾಹ್ನ ನಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್‌ನಲ್ಲಿ ಫ್ಯಾನಿನ ನೆರಳು ಮೇಜಿನ ಮೇಲೆ ಹಾದಾಗ ತಲೆ ತಗ್ಗಿಸಿದೆ. ಹಲ್ಲು ಕೀಳಿಸಿಕೊಳ್ಳಲು ಬಂದವರು ನನ್ನನ್ನು ನೋಡಿ ಅವರೂ ತಗ್ಗಿಸಿದರು.

ಈ ಡೈರಿ ಮಾತ್ರೆ ಕಂಪನಿಯವರು ಕ್ಲಿನಿಕ್‌ಗೆ ಕೊಟ್ಟದ್ದು. ಜನವರಿಯಿಂದ ಖಾಲಿ ಬಿದ್ದಿತ್ತು. ಯಾರಿಗೆ ಹೇಳಿದರೂ ನಗುತ್ತಾರೆ, ಅದಕ್ಕೆ ಇದರಲ್ಲಿ ಬರೆಯುತ್ತಿದ್ದೇನೆ.

ಏಪ್ರಿಲ್ 9, ಬುಧವಾರ

ಅತ್ತೆ ಬಾಯಿ ಬಿಟ್ಟರು. ಬಿಡದೇ ಇದ್ದರೇ ಚೆನ್ನಾಗಿತ್ತು.

"ಕಾಗೆ ಶನಿದೇವ್ರ ವಾಹನ. ಸುಮ್‌ಸುಮ್ನೆ ತಲೆ ಮುಟ್ಟಲ್ಲ. ಇದು ಸಾವಿನ ಸೂಚ್ನೆ ಕಣಮ್ಮ" ಅಂದರು. "ಅದಕ್ಕೆ ಹಿಂದ್ಲಿಂದ್ಲೂ ಒಂದು ಶಾಸ್ತ್ರ ಐತೆ. ನೀನು ಸತ್ತೋದೆ ಅಂತ ನೆಂಟ್ರಿಗೆಲ್ಲ ಸುದ್ದಿ ಕಳಿಸ್ಬೇಕು. ಅವ್ರು ನಿಜ ಅಂತ ನಂಬ್ಕಂಡು ಅಳ್ಬೇಕು. ಅತ್ರೆ ಬರೋ ಕಂಟಕ ಆ ಕಣ್ಣೀರ್ನಾಗೇ ತೊಳ್ಕಂಡು ಹೋಗ್ತದೆ. ಆಮ್ಯಾಕೆ ಸುಳ್ಳು ಅಂತ ಹೇಳೋದು."

ಈ ಶಾಸ್ತ್ರ ನಾನೂ ಕೇಳಿದ್ದೆ. ಆದರೆ ಯಾರದೋ ಮನೆಯ ಕತೆಯ ಹಾಗೆ ಕೇಳಿದ್ದೆ. ಈಗ ಸಾಯಬೇಕಾದವಳು ನಾನೇ.

"ಸರಿ, ನಾದಿನಿಗೆ ಕಳಿಸೋಣ. ವಾಣಿಶ್ರೀ ಸೀರಿಯಲ್ ನೋಡ್ಕಂಡೇ ಅಳ್ತಾರೆ" ಅಂದೆ, ಹಾರಿಸಿಬಿಡೋಣ ಅಂತ.

"ಬೇರೆಯೋರು ಅತ್ರೆ ಲೆಕ್ಕಕ್ಕಿಲ್ಲ. ಹೆತ್ತೋರ ಕಣ್ಣೀರು ಬೀಳ್ಬೇಕು. ನಿಮ್ಮಪ್ಪನಿಗೆ ಕಳಿಸ್ಬೇಕು."

ಹೊಸಕೋಟೆಯವರಿಗೆ. ನನ್ನನ್ನು ಹೆತ್ತ ಬೈರಣ್ಣನವರನ್ನು ನಾನು ಹಾಗೇ ಕರೆಯುವುದು. ಸೋದರಮಾವ ಚಲಪತಿಗೆ ನನ್ನನ್ನು ಕೊಡುವುದೆಂದು ಮಾತಾಗಿತ್ತು, ಧಾರೆ ಸೀರೆಯೂ ಬಂದಿತ್ತು. ನಾನು ಒಲ್ಲೆ ಅಂದು ದೇವನಹಳ್ಳಿಗೆ ಬಂದು ಕಾಂತರಾಜು ಜೊತೆ ರಿಜಿಸ್ಟರ್ ಮದುವೆಯಾದೆ. ಆವತ್ತು ಅವರು ಬೀದಿಯಲ್ಲಿ ನಿಂತು ತಲೆಗೆ ನೀರು ಸುರಿದುಕೊಂಡು, "ನನ್ನ ಮಗ್ಳು ಸತ್ಲು" ಅಂದರಂತೆ. ಅದಾದ ಮೇಲೆ ಮಾತಿಲ್ಲ, ಕತೆಯಿಲ್ಲ. ನಾಲ್ಕು ವರ್ಷದ ಹಿಂದೆ ನಮ್ಮವ್ವ ಅಕ್ಕಯಮ್ಮ ತೀರಿಕೊಂಡಾಗಲೂ ನನಗೆ ಸುದ್ದಿ ಕೊಡಲಿಲ್ಲ. ತಿಥಿಯೂ ಮುಗಿದ ಮೇಲೆ, ಆ ಊರಿನಿಂದ ಹಲ್ಲು ತೋರಿಸಲು ಬಂದಿದ್ದ ಹೆಂಗಸು, "ನಿಮ್ಮವ್ವ ಹೋಗಿದ್ದು ಪಾಪ ಕಣಮ್ಮ" ಅಂದಾಗ ನನಗೆ ಗೊತ್ತಾದದ್ದು. ಆಗ ನನ್ನ ಕೈಯಲ್ಲಿ ಅವಳ ಎಕ್ಸ್‌ರೇ ಇತ್ತು.

"ಅವ್ರ ಲೆಕ್ಕದಾಗೆ ನಾನು ಆಗ್ಲೇ ಸತ್ತಿದೀನಿ ಅತ್ತೆ. ಒಂದ್ಸಲ ಸತ್ತೋಳು ಇನ್ನೊಂದ್ಸಲ ಹೆಂಗೆ ಸಾಯೋದು?" ಅಂದೆ.

ನಾನು ಕಳಿಸುವುದಿಲ್ಲ. ಅವರು ಅಳುವುದಿಲ್ಲ ಎನ್ನುವುದು ನನಗೆ ಗೊತ್ತು. ಗೊತ್ತಿರುವುದನ್ನು ಮತ್ತೆ ಕಣ್ಣಾರೆ ನೋಡುವ ಚಪಲ ನನಗಿಲ್ಲ.

ಏಪ್ರಿಲ್ 10, ಗುರುವಾರ

ಅತ್ತೆ ನಿನ್ನೆಯಿಂದ ಊಟ ಬಿಟ್ಟಿದ್ದಾರೆ.

ಹಟಕ್ಕೆ ಅಂದುಕೊಂಡಿದ್ದೆ. ಸಂಜೆ ಮುದ್ದೆ ಇಟ್ಟುಕೊಂಡು ಹೋಗಿ ಜೋರು ಮಾಡಿದರೆ ಅವರ ಅಕ್ಕನ ಮಾತು ತೆಗೆದರು. ಆಯಮ್ಮನಿಗೂ ಹೀಗೇ ಕಾಗೆ ಬಡಿದಿತ್ತಂತೆ. ಆಗೆಲ್ಲ ಅಂಚೆ ಕಾರ್ಡು. "ಕಾರ್ಡು ತಲ್ಪೋ ಹೊತ್ಗೆ ಅವಳು ನಿಜ್ವಾಗ್ಲೂ ಹೋಗಿದ್ಲು. ನೀನು ನಂಗೆ ಮಗ್ಳಿದ್ದಂಗೆ ಭಾನು. ಇನ್ನೊಂದು ಸಲ ನೋಡಕ್ಕೆ ನನ್ ಕೈಲಾಗಲ್ಲ."

ಏನು ಹೇಳುವುದು ಇದಕ್ಕೆ. ಕಳಿಸುತ್ತೇನೆ ಅಂದೆ. ಅತ್ತೆ ಮುದ್ದೆ ತಿಂದರು.

ಏಪ್ರಿಲ್ 11, ಶುಕ್ರವಾರ

ನಾಳೆ ಬೆಳಗ್ಗೆ ಏಳಕ್ಕೆ ನಾನು ಸಾಯುತ್ತೇನೆ. ಏಳೂವರೆಗೆ ಬದುಕುತ್ತೇನೆ.

ಈ ಉಪಾಯ ನನ್ನದೇ. ನಮ್ಮ ಕ್ಲಿನಿಕ್‌ನಲ್ಲಿ "ನಾಳೆ ನಿಮ್ಮ ಅಪಾಯಿಂಟ್‌ಮೆಂಟ್ ಇದೆ" ಎನ್ನುವ ಮೆಸೇಜುಗಳನ್ನು ನಾನು ಶನಿವಾರವೇ ಟೈಮ್ ಹಾಕಿ ಇಟ್ಟು ಬರುತ್ತೇನೆ. ಭಾನುವಾರ ಕಂಪ್ಯೂಟರಿಗೆ ಬಟ್ಟೆ ಮುಚ್ಚಿರುತ್ತದೆ, ಬಾಗಿಲಿಗೆ ಬೀಗ ಇರುತ್ತದೆ, ಆದರೂ ಮೆಸೇಜು ತನ್ನ ಪಾಡಿಗೆ ತಾನು ಹೋಗುತ್ತದೆ. ನನ್ನ ಫೋನಿನಲ್ಲೂ ಹಾಗೆ ಮಾಡಬಹುದು. ಕಳಿಸುವ ಗುಂಡಿಯನ್ನು ಒತ್ತಿ ಹಿಡಿದರೆ ಯಾವ ದಿನ, ಎಷ್ಟು ಗಂಟೆ ಅಂತ ಕೇಳುತ್ತದೆ. ಒಂದು ಸುದ್ದಿ ಏಳಕ್ಕೆ, ಸುಳ್ಳು ಅಂತ ಹೇಳುವುದು ಏಳೂವರೆಗೆ. ಅಳುವವರಿಗೆ ಅರ್ಧ ಗಂಟೆ ಧಾರಾಳವಾಯಿತು.

ಮೊದಲನೆಯದು: "ಭಾನುಪ್ರಿಯಾ ಇವತ್ತು ಬೆಳಗಿನ ಜಾವ ತೀರಿಕೊಂಡಳು. ನಲ್ಲೂರು."

ಎರಡನೆಯದು: "ಭಾನುಪ್ರಿಯಾ ಬದುಕಿದ್ದಾಳೆ. ತಲೆಗೆ ಕಾಗೆ ಕುಕ್ಕಿದ್ದರಿಂದ ಶಾಸ್ತ್ರಕ್ಕೆ ಕಳಿಸಿದ ಸುದ್ದಿ. ತಪ್ಪು ತಿಳಿಯಬೇಡಿ."

"ತೀರಿಕೊಂಡಳು" ಅಂತ ಬರೆಯುವಾಗ ಹೆಬ್ಬೆರಳು ನಿಂತುಬಿಟ್ಟಿತು. ಹಿಂದಿನಿಂದ ಇಣುಕಿದ ಕೀರ್ತನ, "ಅಮ್ಮ, ಭಾನುಪ್ರಿಯಾ ಅಂದ್ರೆ ನೀನಲ್ವಾ?" ಅಂದಳು. ಒಂಬತ್ತು ವರ್ಷದ ಮಗುವಿಗೆ ಇದನ್ನು ಬಿಡಿಸಿ ಹೇಳುವುದರಲ್ಲಿ ನನಗೇ ಅಳು ಬಂತು.

ನಾದಿನಿ ವಾಣಿಶ್ರೀಗೆ, ವಿಜಯಪುರದ ದೊಡ್ಡತ್ತೆಗೆ, ಅತ್ತೆ ಹೇಳಿದ ಇನ್ನು ಕೆಲವರಿಗೆ ಹಾಕಿದೆ. ಕೊನೆಗೆ ಹೊಸಕೋಟೆಯ ನಂಬರು. ಅದು ನನ್ನ ಫೋನಿನಲ್ಲಿ ಇಲ್ಲ, ಬೆರಳಿಗೆ ಮಾತ್ರ ನೆನಪಿತ್ತು. ಅವರದು ಗುಂಡಿ ಒತ್ತುವ ಫೋನು, ಓದಲು ಬರುತ್ತದೆ. ಓದಿ ಏನು ಮಾಡುತ್ತಾರೆ? ಫೋನು ಗೂಡಿನಲ್ಲಿಟ್ಟು ಕಾಫಿ ಕುಡಿಯುತ್ತಾರೆ. ಮಾಡಲಿ. ನನಗೇನು.

ಅತ್ತೆಯ ಇನ್ನೊಂದು ಅಪ್ಪಣೆ: ಮೊದಲನೇ ಮೆಸೇಜು ಹೋದ ತಕ್ಷಣ ಫೋನು ಆಫ್ ಮಾಡಬೇಕು. "ಸತ್ತೋಳು ಫೋನ್ ಎತ್ತಿ ಹಲೋ ಅಂತಾಳಾ? ನಿನ್ ಧ್ವನಿ ಕೇಳ್ಬಿಟ್ರೆ ಯಾರು ಅಳ್ತಾರೆ?" ಸರಿ ಅಂದೆ. ಎರಡನೆಯದು ಹೇಗೂ ಟೈಮಿಗೆ ಹೋಗುತ್ತದೆ.

ಏಪ್ರಿಲ್ 12, ಶನಿವಾರ

ಬಂದಿದ್ದರು. ಸೀರೆ ತಂದಿದ್ದರು.

ಇವತ್ತು ಬರೆಯಲು ಆಗುವುದಿಲ್ಲ.

ಏಪ್ರಿಲ್ 13, ಭಾನುವಾರ

ಕ್ಲಿನಿಕ್ ರಜೆ. ಎಲ್ಲವನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ತಲೆ ಒಡೆಯುತ್ತದೆ.

ನಿನ್ನೆ ಏಳಕ್ಕೆ ಫೋನು ಟಿಣ್ ಅಂದಿತು. ನಾನು ಸತ್ತದ್ದು ಎಲ್ಲರಿಗೂ ತಲುಪಿತು. ಅತ್ತೆ ಫೋನನ್ನು ನನ್ನ ಕೈಯಿಂದಲೇ ಆಫ್ ಮಾಡಿಸಿ ದೇವರ ಗೂಡಿನಲ್ಲಿಟ್ಟರು. ಆಮೇಲೆ ಹತ್ತಿರದ ಗುಡಿಗೆ ಹೋಗಿ ಎಳ್ಳುಬತ್ತಿ ಹಚ್ಚಿ ಬರುವುದು ಅಂತ ಮಾತಾಗಿತ್ತು. ಬಸ್ಸು ನಿಲ್ಲುವ ನಲ್ಲೂರು ಗೇಟಿನವರೆಗೆ ನಡೆದು ಬಂದ ಮೇಲೆ ಅತ್ತೆ, "ಇಷ್ಟು ದೊಡ್ಡ ಕಂಟಕಕ್ಕೆ ಚಿಕ್ಕಮಧುರೆ ಶನಿಮಹಾತ್ಮನ್ನೇ ನೋಡ್ಬೇಕು" ಅಂದರು. ನಾನು, ಅತ್ತೆ, ಕೀರ್ತನ ಮೂವರೂ ಬಸ್ಸು ಹತ್ತಿದೆವು. ದೊಡ್ಡಬಳ್ಳಾಪುರದಲ್ಲಿ ಇನ್ನೊಂದು ಬಸ್ಸು. ಶನಿವಾರದ ಜನ, ಗುಡಿಯ ಸಾಲು ಕದಲುತ್ತಲೇ ಇರಲಿಲ್ಲ. ಏಳೂವರೆ ಎಂದೋ ದಾಟಿತ್ತು. ನಾನು ಬದುಕಿದೆ ಅಂತ ಎಲ್ಲರೂ ಓದಿ, ಬೈದು, ಮರೆತಿರುತ್ತಾರೆ ಅಂದುಕೊಂಡು ಮಗಳಿಗೆ ಕಡಲೆಪುರಿ ಕೊಡಿಸಿದೆ.

ವಾಪಸು ಬರುವ ಹೊತ್ತಿಗೆ ಸೂರ್ಯ ನೆತ್ತಿಯ ಮೇಲಿದ್ದ. ನಲ್ಲೂರು ಗೇಟಿನಲ್ಲಿ ಇಳಿದಾಗ ಟೀ ಅಂಗಡಿಯ ಮುನಿವೆಂಕಟಪ್ಪ ಲೋಟ ತೊಳೆಯುತ್ತಿದ್ದವನು ನನ್ನನ್ನು ನೋಡಿ ಹಾಗೇ ಬಕೆಟ್ಟಿನ ಹಿಂದೆ ಸರಿದ. ನಮಸ್ಕಾರ ಮಾಡಿದನೋ, ಹೆದರಿ ಕೈ ಅಡ್ಡ ಹಿಡಿದನೋ ತಿಳಿಯಲಿಲ್ಲ.

"ಏನಣ್ಣಾ?" ಅಂದೆ.

"ನಿಮ್ಗೇ ಹೂವು ತರಾಕೆ ಹೋಗವ್ರೆ ಕಣಕ್ಕ" ಅಂದ.

ಆಗಲೂ ನನಗೆ ಹೊಳೆಯಲಿಲ್ಲ. ನಮ್ಮ ಬೀದಿ ತಿರುಗಿದೆವು. ಮೂಲೆಯಲ್ಲಿ ಬೆಂಕಿ ಹಾಕಿಕೊಂಡು ಇಬ್ಬರು ತಮಟೆ ಕಾಯಿಸುತ್ತಿದ್ದರು. ನಮ್ಮ ಮನೆ ಮುಂದೆ ಶಾಮಿಯಾನ ಎದ್ದಿತ್ತು, ಪ್ಲಾಸ್ಟಿಕ್ ಕುರ್ಚಿ ಸಾಲಾಗಿತ್ತು. ಅಂಗಳದ ತುಂಬ ಜನ. ಬೀಗ ಹಾಕಿದ ಬಾಗಿಲಿನ ಮುಂದೆ ನಾದಿನಿ ವಾಣಿಶ್ರೀ ಎದೆ ಬಡಿದುಕೊಂಡು, "ನನ್ ಬಂಗಾರದಂಥಾ ಅತ್ಗೆ, ಒಂದು ಮಾತು ಎದುರಾಡ್ದೋಳಲ್ಲ" ಅಂತ ಹಾಡಿಕೊಂಡು ಅಳುತ್ತಿದ್ದರು. ಯುಗಾದಿಗೆ ಬಂದಾಗ ನನ್ನ ಬಾಯಿಗೆ ಬೀಗ ಹಾಕಬೇಕು ಅಂದವರು ಇವರೇ.

ಪಕ್ಕದ ಮನೆಯ ಅಮ್ಮಯಮ್ಮ ಬೆಳಗ್ಗೆ ನಾವು ದುಡುದುಡು ಹೋಗಿದ್ದನ್ನು ನೋಡಿದ್ದರಂತೆ. ಜನ ಬಂದು ಕೇಳಿದಾಗ, ಬೆನ್ನು ಮಾತ್ರ ಕಂಡಿತು, ಯಾರು ಯಾರು ಹೋದರೋ ಸರಿಯಾಗಿ ಕಾಣಲಿಲ್ಲ ಅಂದಿದ್ದಾರೆ. ನನ್ನ ಫೋನು ಆಫ್. ನಮ್ಮೆಜಮಾನರದು ಮಧ್ಯಾಹ್ನದವರೆಗೆ ಡ್ಯೂಟಿ, ಕಾರ್ಗೋ ಒಳಗೆ ಫೋನು ಬಿಡುವುದಿಲ್ಲ. ಹೆಣ ಆಸ್ಪತ್ರೆಯಲ್ಲಿದೆ, ತರುತ್ತಾರೆ ಅಂತ ಜನ ತಾವೇ ತೀರ್ಮಾನ ಮಾಡಿಕೊಂಡು ಕಾಯುತ್ತಿದ್ದಾರೆ. ನಾನು ಮಗಳ ಕೈ ಹಿಡಿದು, ಕಡಲೆಪುರಿ ಪೊಟ್ಟಣ ಹಿಡಿದು ನಡೆದು ಬಂದೆ.

ಮೊದಲು ನೋಡಿದ್ದು ವಿಜಯಪುರದ ದೊಡ್ಡತ್ತೆ. ಕಿರುಚಲಿಲ್ಲ. ಬಾಯಿ ತೆರೆದುಕೊಂಡು ಕುರ್ಚಿಯಿಂದ ಎದ್ದವರು ಮತ್ತೆ ಅಲ್ಲೇ ಕೂತರು. ಆಮೇಲೆ ಒಬ್ಬೊಬ್ಬರಾಗಿ ತಿರುಗಿದರು. ವಾಣಿಶ್ರೀ ಒಬ್ಬರೇ ಕಣ್ಣು ಮುಚ್ಚಿಕೊಂಡು ಅಳುತ್ತಲೇ ಇದ್ದರು, ಯಾರೋ ಅವರ ಭುಜ ಅಲ್ಲಾಡಿಸಬೇಕಾಯಿತು.

ಎರಡನೇ ಮೆಸೇಜು ಹೋಗಿಲ್ಲ ಎನ್ನುವುದು ಆಗ ನನಗೆ ಹೊಳೆಯಿತು. ಅತ್ತೆ ಬೀಗ ತೆಗೆದು ಒಳಗೆ ಓಡಿ, ಗೂಡಿನಿಂದ ಫೋನು ತಂದು ನನ್ನ ಕೈಯಲ್ಲಿಟ್ಟರು. ಆನ್ ಮಾಡಿದೆ. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿದ್ದವರ ಜೇಬಿನಲ್ಲಿ, ಬ್ಯಾಗಿನಲ್ಲಿ, ಸೀರೆಯ ಸೊಂಟದಲ್ಲಿ ಒಂದಾದ ಮೇಲೊಂದು ಟಿಣ್ ಟಿಣ್ ಅಂದವು. ಎಲ್ಲರೂ ತೆಗೆದು ಓದಿದರು. "ಭಾನುಪ್ರಿಯಾ ಬದುಕಿದ್ದಾಳೆ." ಓದಿ, ತಲೆಯೆತ್ತಿ ನನ್ನನ್ನು ನೋಡಿದರು.

ಕ್ಲಿನಿಕ್‌ನ ಮೆಸೇಜನ್ನು ಕಳಿಸುವುದು ಆ ಮೆಸೇಜು ಕಂಪನಿಯವರ ಕಂಪ್ಯೂಟರು. ನನ್ನದನ್ನು ಕಳಿಸಬೇಕಾದ್ದು ನನ್ನ ಫೋನೇ. ಆಫ್ ಆದ ಫೋನು ಏನು ಕಳಿಸುತ್ತದೆ, ಮಣ್ಣು. ಇಷ್ಟು ಗೊತ್ತಾಗದೆ ಊರಿಗೆಲ್ಲ ಬುದ್ಧಿವಂತೆ ಅನ್ನಿಸಿಕೊಂಡಿದ್ದೆ.

ಬೈಗುಳ ಶುರುವಾಯಿತು. ಬೈಯಲಿ ಅಂತ ನಿಂತೆ. ಆಗ ಹಿತ್ತಲ ಕಡೆ ಕಣ್ಣು ಹೋಯಿತು. ಹುಣಸೆಮರದ ಕೆಳಗೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಬ್ಬರು ಕೂತಿದ್ದರು. ತೊಡೆಯ ಮೇಲೆ ಪ್ಲಾಸ್ಟಿಕ್ ಕವರು, ಪಕ್ಕದಲ್ಲಿ ಬಾಳೆಲೆಯಲ್ಲಿ ಸುತ್ತಿದ ಹೂವಿನ ಹಾರ. ಅವರ ಫೋನು ಮಾತ್ರ ಟಿಣ್ ಅಂದಿರಲಿಲ್ಲ.

ಹೊಸಕೋಟೆಯವರು.

ಕೂದಲು ಪೂರ್ತಿ ಬೆಳ್ಳಗಾಗಿದೆ. ಒಂದು ಕಾಲಿಗೆ ಒಂದು ಥರದ ಚಪ್ಪಲಿ, ಇನ್ನೊಂದಕ್ಕೆ ಇನ್ನೊಂದು. ಆಮೇಲೆ ತಿಳಿದದ್ದು, ಸುದ್ದಿ ಓದಿದವರು ಚಾರ್ಜಿಗೆ ಹಾಕಿದ್ದ ಫೋನನ್ನೂ ಬಿಟ್ಟು ಹೊರಟಿದ್ದಾರೆ. ನನ್ನ ತಮ್ಮ ವೇಣುಗೋಪಾಲ್ ತರಕಾರಿ ಲೋಡಿನ ಜೊತೆ ಮಾರ್ಕೆಟ್ಟಿಗೆ ಹೋಗಿದ್ದನಂತೆ, ಅವನು ಬರುವವರೆಗೂ ಕಾದಿಲ್ಲ. ಒಬ್ಬರೇ ಬಂದು, ಯಾರನ್ನೂ ಮಾತಾಡಿಸದೆ ಬೆಳಗಿನಿಂದ ಅಲ್ಲಿ ಕೂತಿದ್ದಾರೆ.

ಎದ್ದು ಬಂದರು. ನನ್ನ ಎದುರಿಗೆ ನಿಂತು ಕಾಲಿನಿಂದ ತಲೆಯವರೆಗೆ ನೋಡಿದರು. ಕಣ್ಣು ಒಣಗಿತ್ತು. ಹೊಡೆಯುತ್ತಾರೆ ಅಂದುಕೊಂಡೆ, ಹೊಡೆದರೆ ಹೊಡೆಯಲಿ ಅನ್ನಿಸಿತು. ಅತ್ತೆ ಮಧ್ಯೆ ಬಂದು, "ನಾನೇ ಮಾಡ್ಸಿದ್ದು ಬೀಗ್ರೇ. ಕಾಗೆ ತಲೆಗೆ ಕುಕ್ಬಿಟ್ಟಿತ್ತು, ಅದಕ್ಕೆ" ಅಂದರು.

"ಎಲ್ಲಿ ಕುಕ್ತು?" ಅಂದರು ಅವರು.

ನಾನು ತಲೆ ಬಗ್ಗಿಸಿದೆ. ಯಾಕೆ ಬಗ್ಗಿಸಿದೆನೋ. ಅವರು ಎರಡೂ ಕೈಯಿಂದ ಕೂದಲು ಸೀಳಿ ನೋಡಿದರು, ಚಿಕ್ಕವಳಿದ್ದಾಗ ಹೇನು ನೋಡುತ್ತಿದ್ದ ಹಾಗೆ. ಗಾಯದ ಮೇಲೆ ಹೆಬ್ಬೆರಳು ಇಟ್ಟರು.

"ಅರಿಶಿಣ ಹಚ್ಚಿದ್ಯಾ?"

"ಹೂಂ."

"ನೀರು ಕೊಡು" ಅಂದರು.

ಚೊಂಬು ನೀರು ಎತ್ತಿ ಕುಡಿದರು. ಆಮೇಲೆ ಕವರು ಮುಂದೆ ಹಿಡಿದರು. ಮುತ್ತೈದೆ ಸತ್ತರೆ ಕೊನೆಯ ಸೀರೆ ತವರಿನಿಂದಲೇ ಬರಬೇಕು. ಮಡಿಕೆ ನೋಡಿದ ಕೂಡಲೇ ಗುರುತು ಹತ್ತಿತು. ಅರಿಶಿಣ ಬಣ್ಣ, ಕೆಂಪು ಅಂಚು. ಆವತ್ತು ನಾನು ಉಡದೆ ಬಿಟ್ಟು ಬಂದ ಧಾರೆ ಸೀರೆ. ಅವ್ವ ಆರಿಸಿದ್ದು.

"ಅಷ್ಟೊತ್ಗೆ ಅಂಗಡಿ ತೆಗ್ದಿರ್ಲಿಲ್ಲ" ಅಂದರು ಅಪ್ಪ. "ಮನೇಲಿ ಹೊಸಾದು ಅಂತ ಇದೊಂದೇ ಇತ್ತು."

ನಾನು ಕೈ ಚಾಚಿದೆ. ಅತ್ತೆ ತಡೆದರು. "ಹೆಣಕ್ಕೆ ಅಂತ ತಂದಿದ್ದು ಒಳಿಕ್ಕೆ ಬರಂಗಿಲ್ಲ ಕಣಮ್ಮ." ಅಪ್ಪ, "ತವರಿಂದ ಬಂದಿದ್ದು ನಾನು ವಾಪಸ್ ತಗೊಂಡು ಹೋಗಂಗಿಲ್ಲ" ಅಂದರು. ಇಬ್ಬರೂ ಶಾಸ್ತ್ರದವರೇ. ಕೊನೆಗೆ ಹಾರ ತಿಪ್ಪೆಗೆ ಹೋಯಿತು, ಸೀರೆಯ ಕವರು ಹುಣಸೆಮರದ ಕೊಂಬೆಗೆ ಹೋಯಿತು.

ಹೊರಡಲು ನಿಂತರು. ಕೀರ್ತನಳನ್ನು ನೋಡಿ, "ಅಕ್ಕಯಮ್ಮನ ಮೂಗು" ಅಂದರು, ಯಾರಿಗೂ ಅಲ್ಲ. ಆಗ ನನಗೆ ತಡೆಯಲಾಗಲಿಲ್ಲ. ಜನ ಇದ್ದಾರೆ ಅಂತಲೂ ನೋಡಲಿಲ್ಲ.

"ಅವ್ವ ಸತ್ತಾಗ ನಂಗ್ಯಾಕೆ ಹೇಳ್ಲಿಲ್ಲ?"

"ವೇಣು ಕೈಲಿ ಮೆಸೇಜು ಬರ್ಸಿದ್ದೆ. ಕಳಿಸ್ಬ್ಯಾಡ ಅಂದ್ಬಿಟ್ಟೆ."

"ಯಾಕೆ?"

ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಹೇಳಿದ್ಮೇಲೂ ನೀನು ಬರ್ದೇ ಹೋದ್ರೆ?" ಅಂದರು. ಹೋಗಿಬಿಟ್ಟರು. ಬೇರೆ ಬೇರೆ ಚಪ್ಪಲಿಯಲ್ಲಿ ಗೇಟಿನ ಕಡೆ ನಡೆದು ಹೋದರು. ಅಳಲಿಲ್ಲ.

ನಮ್ಮೆಜಮಾನರು ಮೂರರ ಹೊತ್ತಿಗೆ ಬಂದರು. ಡ್ಯೂಟಿ ಮುಗಿಸಿ ಫೋನು ತೆಗೆದರೆ ತುಂಬ ಮಿಸ್ಡ್ ಕಾಲು. ನಾಟಕ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಆದರೂ ನನ್ನನ್ನು ಕಂಡ ಕೂಡಲೇ ಬೈಕು ಸ್ಟ್ಯಾಂಡ್ ಹಾಕುವುದನ್ನು ಮರೆತರು, ಅದು ಬಿತ್ತು. "ಹೆಲ್ಮೆಟ್ ಹಾಕ್ಕೋ ಅಂದಿದ್ದೆ" ಅಂದರು, ಆದರೆ ನಗಲಿಲ್ಲ.

ಏಪ್ರಿಲ್ 16, ಬುಧವಾರ

ಕ್ಲಿನಿಕ್‌ನಲ್ಲಿ ಎಲ್ಲರಿಗೂ ಗೊತ್ತಾಗಿದೆ. ಡಾಕ್ಟರ್ ಮೇಡಂ, "ರಜೆ ಬೇಕಿದ್ರೆ ಕೇಳ್ಬೇಕಿತ್ತು ಭಾನು" ಅಂದರು. ಅಮ್ಮಯಮ್ಮ ದಿನಾ ಬೆಳಗ್ಗೆ ಗೋಡೆಯಾಚೆಯಿಂದ, "ಇದ್ದೀಯೇನೇ?" ಅಂತ ಕೂಗುತ್ತಾರೆ. "ಇದ್ದೀನಿ" ಅಂತ ಕೂಗುತ್ತೇನೆ.

ಅತ್ತೆಗೆ ಮಾತ್ರ ಸಮಾಧಾನವಿಲ್ಲ. ಊರೆಲ್ಲ ಅತ್ತರೂ ಹೆತ್ತವರ ಕಣ್ಣಲ್ಲಿ ನೀರು ಬರಲಿಲ್ಲ. ಬೆಳಗಿನಿಂದ ಕಲ್ಲಿನ ಹಾಗೆ ಕೂತಿದ್ದರು, ಕಣ್ಣು ಒರೆಸಿದ್ದನ್ನು ಯಾರೂ ಕಂಡಿಲ್ಲ. "ಕಂಟಕ ಹೋಗಿಲ್ಲ" ಅನ್ನುತ್ತಾರೆ. ನಾನು ಸ್ಟೂಲ್ ಹತ್ತಿದರೂ ಹೆದರುತ್ತಾರೆ.

ನಾನು ಹೇಳಿರಲಿಲ್ಲವೇ, ಅಪ್ಪ ಅಳುವವರಲ್ಲ ಅಂತ. ಹೇಳಿದ್ದು ನಿಜವಾಯಿತು. ಅದಕ್ಕೆ ಸಂತೋಷವಾಗಬೇಕಿತ್ತು.

ಸಂಜೆ ಗಾಳಿ ಜೋರಾಗಿತ್ತು. ಕವರು ಕೊಂಬೆಯಲ್ಲೇ ಇದೆಯೇ ಅಂತ ಎರಡು ಸಲ ಹೋಗಿ ನೋಡಿ ಬಂದೆ. ಸುಮ್ಮನೆ ನೋಡಿದ್ದು.

ಏಪ್ರಿಲ್ 19, ಶನಿವಾರ

ಸಂಜೆ ಆಲಿಕಲ್ಲು ಮಳೆ. ಕಾಗೆ ಗೂಡಿನ ಮೇಲೆ ಒದ್ದೆಯಾಗಿ ಕೂತಿತ್ತು. ಓಡಿ ಹೋಗಿ ಕವರು ಬಿಚ್ಚಿ ತಂದು ದನದ ಕೊಟ್ಟಿಗೆಯ ಮೊಳೆಗೆ ಸಿಕ್ಕಿಸಿದೆ. ಕೊಟ್ಟಿಗೆ ಮನೆಯೊಳಗೆ ಅಲ್ಲ, ಶಾಸ್ತ್ರಕ್ಕೆ ಅಡ್ಡಿಯಿಲ್ಲ. ಕಾಗೆ ಕುಕ್ಕಲಿಲ್ಲ.

ಹೊಸಕೋಟೆಯಿಂದ ಫೋನು ಬಂದಿಲ್ಲ. ನಾನೇನು ಕಾಯುತ್ತಿಲ್ಲ.

ಏಪ್ರಿಲ್ 21, ಸೋಮವಾರ

ಇವತ್ತು ನಡೆದದ್ದನ್ನು ಇವತ್ತೇ ಬರೆಯಬೇಕು.

ಗೇಟಿನಲ್ಲಿ ಆಟೋ ಓಡಿಸುವ ಪಿಳ್ಳಣ್ಣ ಹುಣಸೆಹಣ್ಣು ಕೇಳಿಕೊಂಡು ಬಂದ. ಅತ್ತೆ ತೂಕ ಹಾಕುತ್ತಾ, ಬಂದವರಿಗೆಲ್ಲ ಹೇಳುವ ಮಾತನ್ನೇ ಅವನಿಗೂ ಹೇಳಿದರು, ಬೀಗರ ಕಣ್ಣಲ್ಲಿ ಒಂದು ಹನಿ ಬರಲಿಲ್ಲ, ಮುಂದೇನು ಗತಿಯೋ ಅಂತ.

ಪಿಳ್ಳಣ್ಣ ಕೈಯಲ್ಲಿದ್ದ ಚೀಲ ಕೆಳಗಿಟ್ಟ. "ಯಾರಮ್ಮ ಹೇಳಿದ್ದು? ಆವತ್ತು ಗೇಟಿಂದ ಅವ್ರನ್ನ ಕರ್ಕೊಂಡು ಬಂದಿದ್ದು ನಾನೇ. ಬಸ್ಸಿಂದ ಇಳ್ದೋರಿಗೆ ನಿಲ್ಲಾಕೇ ಆಗ್ತಿರ್ಲಿಲ್ಲ. ಕಂಡಕ್ಟ್ರು ಕೈ ಹಿಡ್ಕಂಡು ಇಳಿಸ್ದ, ಹೊಸಕೋಟೆಯಿಂದ್ಲೂ ಹಿಂಗೇ ಅಳ್ತಾವ್ರೆ ನೋಡ್ಕಳಪ್ಪ ಅಂದ. ಆ ಸೀರೆ ಕವರ್ ತಬ್ಕಂಡು ಮಕ್ಳಂಗೆ ಅಳ್ತಿದ್ರು. ತೋಪಿನ ಹತ್ರ ಆಟೋ ನಿಲ್ಸಿ ನೀರು ಕುಡಿಸ್ದೆ. ಮುಖ ತೊಳ್ಕಂಡು, ಬೀಗ್ರ ಮನೇಲಿ ಅಳಬಾರ್ದು, ನಂಗೆ ಆ ಹಕ್ಕಿಲ್ಲ ಅಂದ್ರು."

ಅತ್ತೆಯ ಕೈಯಲ್ಲಿದ್ದ ತಕ್ಕಡಿ ಹಾಗೇ ನಿಂತಿತ್ತು.

"ಇನ್ನೊಂದು ಮಾತಂದ್ರು. ಅದನ್ನ ಹೇಳ್ಬೌದೋ ಇಲ್ವೋ ಗೊತ್ತಿಲ್ಲ" ಅಂದ ಪಿಳ್ಳಣ್ಣ, ನನ್ನ ಕಡೆ ನೋಡದೆ. "ನನ್ ಮಗ್ಳು ಸಾಯ್ತಿರೋದು ಇದು ಎರಡ್ನೇ ಸಲ ಕಣಪ್ಪ, ಮೊದ್ಲನೇ ಸಲ ನಾನೇ ಸಾಯ್ಸಿದ್ದು ಅಂದ್ರು."

ನಾನು ಕೊಟ್ಟಿಗೆಗೆ ಹೋಗಿ ನಿಂತೆ. ಅತ್ತಿದ್ದು ನಾನು. ಅವರು ತಲೆಗೆ ನೀರು ಸುರಿದುಕೊಂಡಾಗ ನಾನು ಅಳಲಿಲ್ಲ, ಅವ್ವ ಹೋದದ್ದು ತಿಳಿದಾಗಲೂ ಸಿಟ್ಟಿಗೆ ಅಳಲಿಲ್ಲ. ಎಲ್ಲ ಸೇರಿ ಇವತ್ತು ಬಂತು. ಹಸು ಮೇವು ಬಿಟ್ಟು ನನ್ನನ್ನೇ ನೋಡುತ್ತಿತ್ತು.

ಸ್ವಲ್ಪ ಹೊತ್ತಿಗೆ ಅತ್ತೆ ಬಂದರು. ಮೊಳೆಯಿಂದ ಕವರು ತೆಗೆದರು. ಸೀರೆ ಬಿಡಿಸಿ, ಕೊಡವಿ, ಬಿಸಿಲಿಗೆ ಹಿಡಿದು ನೋಡಿದರು. ನುಸಿಗುಳಿಗೆಯ ವಾಸನೆ ಕೊಟ್ಟಿಗೆಯ ತುಂಬ ಹರಡಿತು.

"ಹೆಣಕ್ಕೆ ತಂದಿದ್ದಲ್ವಾ ಅತ್ತೆ" ಅಂದೆ.

"ಹೆಣ ಎಲ್ಲೈತೆ? ಕಣ್ಣೀರು ಬಿದ್ದೈತೆ, ಕಂಟಕ ಕಳೀತು. ಇನ್ಮೇಲೆ ಇದು ಧಾರೆ ಸೀರೆ. ತಡವಾಗಿ ಬಂದೈತೆ ಅಷ್ಟೇಯ" ಅಂದು ನನ್ನ ತೋಳಿನ ಮೇಲೆ ಹಾಕಿದರು. ಶಾಸ್ತ್ರ ಮಾಡುವವರೂ ಅವರೇ, ತಿದ್ದುವವರೂ ಅವರೇ.

ಫೋನು ತೆಗೆದೆ. ಮೆಸೇಜು ಬೇಡ ಅನ್ನಿಸಿತು. ಕರೆಯನ್ನೇ ಮಾಡಿದೆ. ತುಂಬ ಹೊತ್ತು ರಿಂಗಾಯಿತು.

"ಯಾರು?"

"ನಾನು."

ಆ ಕಡೆ ದೂರದಲ್ಲಿ ವೇಣು ಯಾರನ್ನೋ ಕರೆಯುತ್ತಿದ್ದ.

"ಊಟ ಆಯ್ತಾ?" ಅಂದರು ಅಪ್ಪ.

"ಆಯ್ತು. ನಿಂದು?"

"ಆಯ್ತು."

ಇನ್ನೇನು ಇಟ್ಟುಬಿಡುತ್ತಾರೆ ಅನ್ನಿಸಿ ಭಯವಾಯಿತು. ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ. "ಅಪ್ಪ, ಆ ಎರಡ್ನೇ ಮೆಸೇಜು ಬಂತಾ?"

"ಮನೆಗೆ ಬಂದು ನೋಡ್ದೆ. ಬಂದಿತ್ತು."

"ಹಂಗಾದ್ರೆ ಮೊದಲ್ನೇದನ್ನ ಡಿಲೀಟ್ ಮಾಡ್ಬಿಡಪ್ಪ. ಅದನ್ನ ಇಟ್ಕೋಬೇಡ."

"ದಿನಾ ಕಣ್ಣಿಗೆ ಬೀಳ್ತದೆ" ಅಂದರು. "ಹೆಂಗೆ ತೆಗೀಬೇಕೋ ನಂಗೆ ಬರಲ್ಲ. ವೇಣು ಕೈಲಿ ತೆಗ್ಸಾಕೂ ಮನ್ಸಿಲ್ಲ." ಆಮೇಲೆ ತಾವೇ ಅಂದರು, "ನೀನೇ ಬಂದು ತೆಗ್ದಾಕು."

ಬರ್ತೀನಿ ಅಂದೆನೋ, ಹೂಂ ಅಂದೆನೋ ನೆನಪಿಲ್ಲ. ಭಾನುವಾರ ಕ್ಲಿನಿಕ್ ರಜೆ. ಸೀರೆಗೆ ಬ್ಲೌಸು ಹೊಲಿಸಲು ಕೊಟ್ಟು ಬಂದೆ, ಶನಿವಾರಕ್ಕೆ ಕೊಡುತ್ತಾಳಂತೆ.